ಐಸೊಟೋಪ್ ಮಾನಕದ ಲೆಕ್ಕ ಎಲ್ಲಿಂದ ಶುರುವಾಗುತ್ತದೆ?

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ತಾಲ್ಲೂಕು ಊರುಗಳಲ್ಲಿಯೂ ಈಗ ಖಾಸಗಿ ರಕ್ತ ಸಂಗ್ರಹ ಕೇಂದ್ರಗಳು ತೆರೆದುಕೊಂಡಿವೆ. ಅವುಗಳ ದರಪಟ್ಟಿಯಲ್ಲಿ ಕೆಲವು ಪರೀಕ್ಷೆಗಳ ಎದುರು ‘ಎಲ್‌ಸಿ-ಎಂಎಸ್/ಎಂಎಸ್ ವಿಧಾನ’ ಎಂಬ ಷರಾ ಕಾಣಿಸುತ್ತದೆ. ಅಂದರೆ ವಸ್ತುಗಳನ್ನು ಮೊದಲು ಕ್ರೊಮೆಟೊಗ್ರಫಿ ಕೊಳವೆಯಲ್ಲಿ ಹರಿಸಿ ಬೇರ್ಪಡಿಸಿ, ಆಮೇಲೆ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದಲ್ಲಿ ಅಳೆಯುವ ಕ್ರಮ. ವಿಟಮಿನ್ ಡಿ, ಹೋಮೊಸಿಸ್ಟೀನ್, ಮೀಥೈಲ್‌ಮೆಲೋನಿಕ್ ಆಮ್ಲ, ಹಸುಗೂಸುಗಳ ಅಮೈನೊ ಆಮ್ಲ ತಪಾಸಣೆ ಮುಂತಾದವು ಈ ಗುಂಪಿಗೆ ಸೇರುತ್ತವೆ. ರಕ್ತ ತೆಗೆಯುವುದು ಇಂಡಿಯಲ್ಲೋ ಅಥಣಿಯಲ್ಲೋ ಹುನಗುಂದದಲ್ಲೋ ಆದರೆ, ಅಳೆಯುವ ಯಂತ್ರ ಬಹುತೇಕ ದೊಡ್ಡ ನಗರದ ಕೇಂದ್ರ ಪ್ರಯೋಗಾಲಯದಲ್ಲಿರುತ್ತದೆ. ಎರಡು ದಿನ ಬಿಟ್ಟು ಮೊಬೈಲ್‌ಗೆ ಬರುವ ವರದಿಯಲ್ಲಿ ಸಂಖ್ಯೆ ದಶಮಾಂಶದವರೆಗೂ ಅಚ್ಚುಕಟ್ಟಾಗಿರುತ್ತದೆ. ಆ ಅಚ್ಚುಕಟ್ಟುತನದ ಹಿಂದಿರುವುದು ಐಸೊಟೋಪ್ ಗುರುತಿನ ಆಂತರಿಕ ಮಾನಕ, ಅಂದರೆ ಪ್ರಯೋಗಾಲಯದವರು ‘ಇಂಟರ್ನಲ್ ಸ್ಟ್ಯಾಂಡರ್ಡ್’ ಎನ್ನುವ ವಸ್ತು: ಅಳೆಯಬೇಕಾದ ಅಣುವಿನದೇ ತುಸು ಭಾರವಾದ ಪ್ರತಿರೂಪ, ಗೊತ್ತಿರುವ ಪ್ರಮಾಣದಲ್ಲಿ ಮಾದರಿಗೆ ಬೆರೆಸುವಂಥದ್ದು. ಅದು ಯಾವ ದೋಷವನ್ನು ತಿದ್ದುತ್ತದೆ, ಯಾವುದನ್ನು ತಿದ್ದಲಾರದು ಎಂಬುದು ನಮ್ಮ ಭಾಗದ ರೋಗಿಗಳಿಗೆ ಮಹಾನಗರದವರಿಗಿಂತ ಹೆಚ್ಚು ಮುಖ್ಯವಾದ ಪ್ರಶ್ನೆ.

ಬಿ12 ಕೊರತೆಯ ಉದಾಹರಣೆಯನ್ನೇ ನೋಡೋಣ. ರೊಟ್ಟಿ, ಬೇಳೆ, ಕಾಳುಪಲ್ಯದ ಮೇಲೆಯೇ ನಡೆಯುವ ಸಸ್ಯಾಹಾರಿ ಮನೆಗಳು ಈ ಮೂರೂ ಜಿಲ್ಲೆಗಳಲ್ಲಿ ಬಹಳ. ಬಿ12 ಇರುವುದು ಪ್ರಾಣಿಜನ್ಯ ಆಹಾರದಲ್ಲಿ ಮಾತ್ರ, ಹಾಲು ಮೊಸರಿನಲ್ಲಿ ಅಷ್ಟಿಷ್ಟು. ರಕ್ತದಲ್ಲಿ ಬಿ12 ಪ್ರಮಾಣ ಮಿಲಿಲೀಟರಿಗೆ 200ರಿಂದ 300 ಪಿಕೊಗ್ರಾಂ ನಡುವೆ ಬಂದರೆ ಕೊರತೆ ಇದೆ ಎನ್ನಲೂ ಇಲ್ಲ ಎನ್ನಲೂ ಆಗುವುದಿಲ್ಲ. ಆಗ ವೈದ್ಯರು ಎರಡು ಮೆಟಬೊಲೈಟ್‌ಗಳತ್ತ, ಅಂದರೆ ಚಯಾಪಚಯದಲ್ಲಿ ಹುಟ್ಟುವ ವಸ್ತುಗಳತ್ತ, ತಿರುಗುತ್ತಾರೆ. ಬಿ12 ಸಾಲದಿದ್ದರೆ ಜೀವಕೋಶದೊಳಗೆ ಎರಡು ರಾಸಾಯನಿಕ ಕ್ರಿಯೆಗಳು ಕುಂಟುತ್ತವೆ. ಒಂದರ ಹಿಂದೆ ಹೋಮೊಸಿಸ್ಟೀನ್, ಇನ್ನೊಂದರ ಹಿಂದೆ ಮೀಥೈಲ್‌ಮೆಲೋನಿಕ್ ಆಮ್ಲ ಜಮಾಯಿಸುತ್ತದೆ. ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ನಿನ ಕೊರತೆಯಲ್ಲಿಯೂ ಹೋಮೊಸಿಸ್ಟೀನ್ ಏರುತ್ತದೆ, ಮೂತ್ರಪಿಂಡ ಸೋತಾಗ ಎರಡೂ ಏರುತ್ತವೆ. ಇದನ್ನು ವೈದ್ಯರು ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಅವರ ಲೆಕ್ಕವೆಲ್ಲ ನಿಂತಿರುವುದು ವರದಿಯಲ್ಲಿನ ಸಂಖ್ಯೆ ರೋಗಿಯ ತೋಳಿನಲ್ಲಿದ್ದ ಸಂಖ್ಯೆಯೇ ಹೌದು ಎಂಬ ನಂಬಿಕೆಯ ಮೇಲೆ.

ಮಾಸ್ ಸ್ಪೆಕ್ಟ್ರೋಮೀಟರ್ ಅಣುಗಳನ್ನು ಅವುಗಳ ದ್ರವ್ಯರಾಶಿಯಿಂದ ಗುರುತಿಸುತ್ತದೆ, ತಾನಾಗಿ ಎಣಿಸುವುದಿಲ್ಲ. ಅದು ಕೊಡುವುದು ಸಂಕೇತದ ಎತ್ತರ ಅಥವಾ ವಿಸ್ತೀರ್ಣ; ಅದನ್ನು ಪ್ರಮಾಣವಾಗಿ ಪರಿವರ್ತಿಸಬೇಕಾದವರು ನಾವು. ತೊಂದರೆ ಇರುವುದು ಇಲ್ಲಿ. ರಕ್ತದ ಪ್ಲಾಸ್ಮಾದಿಂದ ಪ್ರೋಟೀನ್ ತೆಗೆಯುವಾಗ, ದ್ರಾವಕದಲ್ಲಿ ಹಿಂಡುವಾಗ, ಆರಿಸಿ ಮತ್ತೆ ಕರಗಿಸುವಾಗ ಪ್ರತಿ ಹಂತದಲ್ಲಿಯೂ ಒಂದಿಷ್ಟು ವಸ್ತು ಕಳೆದುಹೋಗುತ್ತದೆ, ಅದೂ ಎಲ್ಲ ಮಾದರಿಯಲ್ಲಿ ಒಂದೇ ಸಮನಾಗಿ ಅಲ್ಲ. ಆಮೇಲೆ ದ್ರವವನ್ನು ವಿದ್ಯುತ್ ಆವೇಶವಿರುವ ಸಣ್ಣ ಹನಿಗಳಾಗಿ ಸಿಂಪಡಿಸಿ ಅಣುಗಳಿಗೆ ಆವೇಶ ಕೊಡುವ ಎಲೆಕ್ಟ್ರೋಸ್ಪ್ರೇ ಹಂತ ಬರುತ್ತದೆ. ಇದನ್ನು ರೂಪಿಸಿದ ಜಾನ್ ಫೆನ್ 2002ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡವರಲ್ಲಿ ಒಬ್ಬರು. ಆ ಹನಿಗಳ ಮೇಲ್ಮೈಯಲ್ಲಿ ಆವೇಶಕ್ಕಾಗಿ ಪೈಪೋಟಿ ನಡೆಯುತ್ತದೆ. ರಕ್ತದಲ್ಲಿ ಹೇರಳವಾಗಿರುವ ಫಾಸ್ಫೊಲಿಪಿಡ್ ಎಂಬ ಕೊಬ್ಬಿನ ಅಣುಗಳು ಅದೇ ಹೊತ್ತಿಗೆ ಬಂದಿಳಿದರೆ ನಮಗೆ ಬೇಕಾದ ಅಣುವಿನ ಸಂಕೇತ ಕುಗ್ಗಿಬಿಡುತ್ತದೆ. ಎಷ್ಟು ಕುಗ್ಗುತ್ತದೆ ಎಂಬುದು ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಬೇರೆ. ಕೊಬ್ಬಿನಿಂದ ಹಾಲಿನಂತಾದ ಪ್ಲಾಸ್ಮಾದಲ್ಲಿ ಒಂದು ತೆರ, ತಿಳಿ ಪ್ಲಾಸ್ಮಾದಲ್ಲಿ ಇನ್ನೊಂದು ತೆರ.

ಇದಕ್ಕೆ ಪರಿಹಾರವಾಗಿ ಬಂದದ್ದು ಐಸೊಟೋಪ್ ದುರ್ಬಲೀಕರಣ, ಅಂದರೆ ‘ಐಸೊಟೋಪ್ ಡೈಲ್ಯೂಷನ್’. ಹಂತಿಯಲ್ಲಿ ಬಿದ್ದ ಜೋಳದ ರಾಶಿಯಲ್ಲಿ ಎಷ್ಟು ಕಾಳಿವೆ ಎಂದು ತಿಳಿಯಬೇಕಾದರೆ, ಬಣ್ಣ ಹಚ್ಚಿದ ಸಾವಿರ ಕಾಳನ್ನು ಎಣಿಸಿ ರಾಶಿಗೆ ಚೆನ್ನಾಗಿ ಬೆರೆಸಿ, ಒಂದು ಬೊಗಸೆ ಎತ್ತಿ ಅದರಲ್ಲಿ ಬಣ್ಣದ ಕಾಳಿಗೂ ಬರಿಯ ಕಾಳಿಗೂ ಇರುವ ಅನುಪಾತ ನೋಡಿದರೆ ಸಾಕು. ಬೊಗಸೆಯಿಂದ ಅರ್ಧ ಚೆಲ್ಲಿದರೂ ಅನುಪಾತ ಬದಲಾಗದು. ಅಣುಗಳ ಲೋಕದಲ್ಲಿ ಬಣ್ಣದ ಬದಲಿಗೆ ಭಾರ: ಒಂದೇ ಧಾತುವಿನ, ಭಾರದಲ್ಲಿ ಮಾತ್ರ ಬೇರೆಯಾದ ರೂಪಗಳೇ ಐಸೊಟೋಪ್‌ಗಳು. ಹರಾಲ್ಡ್ ಯೂರಿ 1931ರಲ್ಲಿ ಭಾರದ ಹೈಡ್ರೋಜನ್, ಅಂದರೆ ಡ್ಯೂಟೀರಿಯಂ ಕಂಡುಹಿಡಿದರು. ಮೂರೇ ವರ್ಷದಲ್ಲಿ ಹೆವೆಸಿ ಮತ್ತು ಹೋಫರ್ ಭಾರಜಲ ಕುಡಿಸಿ ಮನುಷ್ಯ ದೇಹದ ಒಟ್ಟು ನೀರನ್ನು ಅಂದಾಜಿಸಿದರು. 1940ರಲ್ಲಿ ರಿಟ್ಟೆನ್‌ಬರ್ಗ್ ಮತ್ತು ಫಾಸ್ಟರ್ ಇದೇ ತತ್ವದಿಂದ ಅಮೈನೊ ಆಮ್ಲಗಳನ್ನು ಅಳೆಯುವ ಕ್ರಮ ಪ್ರಕಟಿಸಿದರು. ಇಂದಿನ ಪ್ರಯೋಗಾಲಯ ಮಾಡುತ್ತಿರುವುದು ತತ್ವದಲ್ಲಿ ಅದನ್ನೇ. ಐಸೊಟೋಪ್ ಎಂದ ಕೂಡಲೇ ವಿಕಿರಣ ಎಂದು ಬೆದರುವವರಿದ್ದಾರೆ. ಇಲ್ಲಿ ಬಳಸುವ ಡ್ಯೂಟೀರಿಯಂ, ಕಾರ್ಬನ್-13, ನೈಟ್ರೋಜನ್-15 ಮೂರೂ ಸ್ಥಿರ ಐಸೊಟೋಪ್‌ಗಳು, ವಿಕಿರಣ ಸೂಸುವುದಿಲ್ಲ. ಮೇಲಾಗಿ ಅವನ್ನು ರೋಗಿಯ ಮೈಗೆ ಚುಚ್ಚುವುದಿಲ್ಲ, ತೆಗೆದ ರಕ್ತದ ಪ್ಲಾಸ್ಮಾಕ್ಕೆ ಬೆರೆಸುತ್ತಾರೆ.

ಹೋಮೊಸಿಸ್ಟೀನ್ ಅಳತೆಯಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. ಪ್ಲಾಸ್ಮಾದಲ್ಲಿರುವ ಹೋಮೊಸಿಸ್ಟೀನ್‌ನ ದೊಡ್ಡ ಪಾಲು ಪ್ರೋಟೀನ್‌ಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಗಂಧಕದ ಬಂಧ ಮುರಿಯುವ ರಾಸಾಯನಿಕ ಹಾಕಬೇಕು. ಒಳ್ಳೆಯ ಪ್ರಯೋಗಾಲಯಗಳು ಮಾನಕವನ್ನು ಎರಡು ಹೋಮೊಸಿಸ್ಟೀನ್ ಕೂಡಿಕೊಂಡ ಜೋಡಿ ರೂಪದಲ್ಲಿ, ಎಂಟು ಡ್ಯೂಟೀರಿಯಂ ಇರುವ ಹೋಮೊಸಿಸ್ಟಿನ್ ಆಗಿ, ಬಂಧ ಮುರಿಯುವ ಮೊದಲೇ ಹಾಕುತ್ತವೆ. ಮುರಿಯುವ ಕ್ರಿಯೆ ಅರ್ಧಂಬರ್ಧ ನಡೆದರೆ ಅದರ ಸುಳಿವೂ ಸಿಗಲಿ ಎಂಬುದು ಲೆಕ್ಕಾಚಾರ. ಯಂತ್ರದಲ್ಲಿ ಸಾದಾ ಹೋಮೊಸಿಸ್ಟೀನ್ ದ್ರವ್ಯರಾಶಿ 136ರಿಂದ 90ಕ್ಕೆ ಒಡೆಯುವುದನ್ನೂ, ಮಾನಕ 140ರಿಂದ 94ಕ್ಕೆ ಒಡೆಯುವುದನ್ನೂ ಬೇರೆ ಬೇರೆಯಾಗಿ ಹಿಡಿಯುತ್ತಾರೆ. ಮಾನಕ ಲೀಟರಿಗೆ 20 ಮೈಕ್ರೊಮೋಲ್‌ಗೆ (ಅಣುಗಳ ಎಣಿಕೆಯ ಅಳತೆ) ಸಮನಾಗಿ ಬಿದ್ದಿದೆ, ಸಾದಾ ಅಣುವಿನ ಸಂಕೇತ 60,000 ಮತ್ತು ಮಾನಕದ್ದು 1,00,000 ಬಂದಿದೆ ಎಂದುಕೊಳ್ಳಿ. ಅನುಪಾತ 0.6, ಉತ್ತರ 12 ಮೈಕ್ರೊಮೋಲ್. ಇನ್ನೊಂದು ಮಾದರಿಯಲ್ಲಿ ಕೊಬ್ಬಿನ ಕಾಟದಿಂದ ಎರಡೂ ಸಂಕೇತ ಕುಗ್ಗಿ 36,000 ಮತ್ತು 60,000 ಆದರೂ ಉತ್ತರ ಮತ್ತೆ 12. ಮಾನಕ ಇಲ್ಲದಿದ್ದರೆ ಎರಡನೆಯವರಿಗೆ ಏಳು ಚಿಲ್ಲರೆ ಎಂಬ ವರದಿ ಹೋಗುತ್ತಿತ್ತು. ವಿಧಾನದ ಶಕ್ತಿ ಇರುವುದು ಈ ಭಾಗಾಕಾರದಲ್ಲಿ.

ಆದರೆ ಗುರುತು ಎಲ್ಲಿ ಹಚ್ಚಿದ್ದಾರೆ, ಎಷ್ಟು ಹಚ್ಚಿದ್ದಾರೆ ಎಂಬುದರಲ್ಲಿ ಗುಣ ಕೆಡುತ್ತದೆ. ಪ್ರಕೃತಿಯ ಕಾರ್ಬನ್‌ನಲ್ಲಿ ಶೇ 1.1ರಷ್ಟು ಕಾರ್ಬನ್-13 ಇರುವುದರಿಂದ ಯಾವ ಅಣುವಿನ ಪಕ್ಕದಲ್ಲಿಯೂ ಒಂದು, ಎರಡು ಘಟಕ ಭಾರದ ನೈಸರ್ಗಿಕ ನೆರಳು ಇದ್ದೇ ಇರುತ್ತದೆ. ಮಾನಕ ಕನಿಷ್ಠ ಮೂರು ಘಟಕವಾದರೂ ಭಾರವಿರಬೇಕೆನ್ನುವುದು ಅದಕ್ಕೇ. ಮೀಥೈಲ್‌ಮೆಲೋನಿಕ್ ಆಮ್ಲದ ಮಾನಕದಲ್ಲಿ ಮೂರು ಡ್ಯೂಟೀರಿಯಂಗಳನ್ನೂ ಮೀಥೈಲ್ ಗುಂಪಿನ ಮೇಲೆಯೇ ಇಡುತ್ತಾರೆ, ನಡುವಿನ ಕಾರ್ಬನ್ ಮೇಲೆ ಇಡುವುದಿಲ್ಲ. ಎರಡು ಕಾರ್ಬಾಕ್ಸಿಲ್ ಗುಂಪುಗಳ ನಡುವೆ ಸಿಕ್ಕ ಆ ಜಾಗದ ಹೈಡ್ರೋಜನ್ ನೀರಿನ ಜೊತೆ ಅದಲುಬದಲಾಗುವ ಸ್ವಭಾವದ್ದು. ಅಲ್ಲಿ ಹಚ್ಚಿದ ಗುರುತು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಡ್ಯೂಟೀರಿಯಂ ಹೆಚ್ಚಾದರೆ ಇನ್ನೊಂದು ಪೇಚು: ಮಾನಕ ಕ್ರೊಮೆಟೊಗ್ರಫಿ ಕೊಳವೆಯಿಂದ ಸಾದಾ ಅಣುವಿಗಿಂತ ಕೆಲವು ಸೆಕೆಂಡು ಮೊದಲು ಹೊರಬರಬಹುದು, ಆ ಅಂತರದಲ್ಲಿ ಫಾಸ್ಫೊಲಿಪಿಡ್‌ಗಳ ಕಾಟ ಬೇರೆಯಾಗಿದ್ದರೆ ಭಾಗಾಕಾರ ತಪ್ಪುತ್ತದೆ. ಕಾರ್ಬನ್-13 ಮಾನಕಗಳಿಗೆ ಈ ಕಾಟವಿಲ್ಲ, ಬೆಲೆ ಮಾತ್ರ ಜಾಸ್ತಿ. ಮಾನಕದ ಬಾಟಲಿಯಲ್ಲಿ ಗುರುತಿಲ್ಲದ ಸಾದಾ ಅಣು ಚೂರುಪಾರು ಉಳಿದಿದ್ದರೆ ಅದು ಪ್ರತಿ ರೋಗಿಯ ಲೆಕ್ಕಕ್ಕೂ ಕೂಡಿಕೊಳ್ಳುತ್ತದೆ. ಕಡಿಮೆ ಪ್ರಮಾಣದ ವಸ್ತುಗಳಲ್ಲಿ ಇದು ಕಡೆಗಣಿಸುವ ಸಂಗತಿಯಲ್ಲ.

ನಮ್ಮ ಕಡೆಯ ಓದುಗರಿಗೆ ಇಲ್ಲೊಂದು ಕುತೂಹಲದ ಸಂಗತಿ ಇದೆ. ಜೋಳ ಮತ್ತು ಕಬ್ಬು ಎರಡೂ ‘ಸಿ4’ ಎಂಬ, ಕಾರ್ಬನ್ ಹಿಡಿಯುವ ಬಗೆಯೇ ಬೇರೆಯಾದ ಗುಂಪಿನ ಸಸ್ಯಗಳು. ಅವು ಗಾಳಿಯಿಂದ ಹಿಡಿದಿಡುವ ಕಾರ್ಬನ್‌ನಲ್ಲಿ ಕಾರ್ಬನ್-13ರ ಪಾಲು ಭತ್ತ, ಗೋಧಿಗಿಂತ ತುಸು ಹೆಚ್ಚು. ಬಿಳಿಜೋಳದ ರೊಟ್ಟಿ ಉಂಡು ಬೆಲ್ಲದ ಚಹಾ ಕುಡಿಯುವವರ ಮೈಯ ಅಣುಗಳು ಅನ್ನ ಉಣ್ಣುವವರ ಅಣುಗಳಿಗಿಂತ ಕೂದಲೆಳೆಯಷ್ಟು ಭಾರ ಎನ್ನಬಹುದು. ಇದರಿಂದ ಅಳತೆ ಕೆಡುತ್ತದೆಯೇ? ಇಲ್ಲ. ವ್ಯತ್ಯಾಸ ಶೇ 1.08 ಮತ್ತು ಶೇ 1.09ರ ನಡುವಿನದು, ಮೂರು ನಾಲ್ಕು ಘಟಕ ದೂರದಲ್ಲಿ ಕೂತ ಮಾನಕವನ್ನು ಅದು ಮುಟ್ಟುವುದೂ ಇಲ್ಲ.

ಮುಟ್ಟುವಂಥದ್ದು ಬೇರೆ ಇದೆ. ಮೀಥೈಲ್‌ಮೆಲೋನಿಕ್ ಆಮ್ಲಕ್ಕೂ ಸಕ್ಸಿನಿಕ್ ಆಮ್ಲಕ್ಕೂ ಒಂದೇ ಅಣುಸೂತ್ರ, ಒಂದೇ ದ್ರವ್ಯರಾಶಿ 118. ಎರಡೂ ಯಂತ್ರದೊಳಗೆ ಒಂದು ಪ್ರೋಟಾನ್ ಕಳೆದುಕೊಂಡು 117 ಆಗಿ, 117ರಿಂದ 73ಕ್ಕೆ ಒಡೆಯುತ್ತವೆ. ಮೀಥೈಲ್‌ಮೆಲೋನಿಕ್ ಆಮ್ಲ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 0.4 ಮೈಕ್ರೊಮೋಲ್ ಒಳಗಿದ್ದರೆ, ಸಕ್ಸಿನಿಕ್ ಆಮ್ಲ ಅದರ ಹಲವು ಪಟ್ಟು ಇರುತ್ತದೆ. ಮಾನಕ ಎಷ್ಟೇ ಶುದ್ಧವಾಗಿರಲಿ, ಈ ಎರಡನ್ನು ಬೇರೆ ಮಾಡುವ ಕೆಲಸ ಅದರದ್ದಲ್ಲ. ಅದು ಕ್ರೊಮೆಟೊಗ್ರಫಿ ಕೊಳವೆಯದ್ದು. ಲ್ಯೂಸಿನ್ ಮತ್ತು ಐಸೊಲ್ಯೂಸಿನ್ ಎಂಬ ಅಮೈನೊ ಆಮ್ಲಗಳ ವಿಷಯವೂ ಹೀಗೆಯೇ, ಶಿಶುಗಳ ವಿಟಮಿನ್ ಡಿ ವರದಿಯಲ್ಲಿ ತಲೆಹಾಕುವ ಸಿ3-ಎಪಿಮರ್ ಎಂಬ, ಅದೇ ದ್ರವ್ಯರಾಶಿಯ ಅವಳಿ ಅಣುವಿನ ವಿಷಯವೂ ಹೀಗೆಯೇ. ಐಸೊಟೋಪ್ ಮಾನಕ ಇದೆ ಎಂದ ಮಾತ್ರಕ್ಕೆ ಅಳೆದದ್ದು ಸರಿಯಾದ ವಸ್ತುವನ್ನೇ ಎಂದಾಗುವುದಿಲ್ಲ.

ಇಷ್ಟೆಲ್ಲವೂ ಪ್ರಯೋಗಾಲಯದ ಬಾಗಿಲೊಳಗಿನ ಮಾತು. ಮಾನಕ ಮಾದರಿಯ ಜೊತೆಗೂಡುವುದು ಅಲ್ಲಿ, ಪಿಪೆಟ್‌ನಿಂದ ಪ್ಲಾಸ್ಮಾ ಎತ್ತಿಟ್ಟ ಮೇಲೆ. ಅದಕ್ಕೂ ಮೊದಲು ಆದದ್ದು ಅದರ ಲೆಕ್ಕಕ್ಕೆ ಬರುವುದೇ ಇಲ್ಲ. ಹೋಮೊಸಿಸ್ಟೀನ್ ವಿಷಯದಲ್ಲಿ ಆ ಮೊದಲಿನ ಅವಧಿಯೇ ಎಲ್ಲಕ್ಕಿಂತ ಅಪಾಯದ್ದು. ರಕ್ತ ಕೊಳವೆಗೆ ಬಿದ್ದ ಮೇಲೂ ಕೆಂಪುಕಣಗಳು ಬದುಕಿರುತ್ತವೆ, ಹೋಮೊಸಿಸ್ಟೀನ್ ತಯಾರಿಸಿ ಹೊರಹಾಕುತ್ತಲೇ ಇರುತ್ತವೆ. ಕಣಗಳನ್ನು ಬೇರ್ಪಡಿಸದೆ ಕೋಣೆಯ ಉಷ್ಣತೆಯಲ್ಲಿ ಇಟ್ಟರೆ ತಾಸಿಗೆ ಸುಮಾರು ಶೇ 10ರಷ್ಟು ಏರಿಕೆ ಕಾಣುತ್ತದೆ, ಸೆಕೆ ಹೆಚ್ಚಿದಂತೆ ವೇಗವೂ ಹೆಚ್ಚುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಹೊರಗಿನ ಉಷ್ಣತೆ 40 ಡಿಗ್ರಿ ದಾಟುವುದು ನಮಗೆ ಹೊಸ ಸುದ್ದಿಯಲ್ಲ. ತೋಳಿನಲ್ಲಿ 12 ಇದ್ದವರ ರಕ್ತ ನಾಲ್ಕು ತಾಸು ಹಾಗೆಯೇ ಕೂತರೆ ಸುಮಾರು 16.8 ಆಗುತ್ತದೆ. ಮಾಮೂಲಿ ಮೇಲ್ಮಿತಿ 15. ಆ ಪ್ಲಾಸ್ಮಾಕ್ಕೆ ಎಂಥ ಉತ್ಕೃಷ್ಟ ಮಾನಕ ಹಾಕಿದರೂ ಅನುಪಾತ 0.84 ಎಂದೇ ಬರುತ್ತದೆ. ಯಂತ್ರ ಸುಳ್ಳು ಹೇಳಿಲ್ಲ, ಕೊಳವೆಯಲ್ಲಿದ್ದದ್ದನ್ನೇ ಹೇಳಿದೆ. ಆದರೆ ವರದಿ ಓದುವ ವೈದ್ಯರ ಕಣ್ಣಿಗೆ ಅದು ರೋಗಿಯದಾಗಿ ಕಾಣುತ್ತದೆ.

ಅದೇ ಕೊಳವೆಯ ಮೀಥೈಲ್‌ಮೆಲೋನಿಕ್ ಆಮ್ಲ ಮಾತ್ರ ಈ ಪ್ರಯಾಣವನ್ನು ಹೆಚ್ಚುಕಡಿಮೆ ಸುರಕ್ಷಿತವಾಗಿ ಮುಗಿಸುತ್ತದೆ; ಅದು ಸ್ಥಿರ ವಸ್ತು, ಕಣಗಳು ಅದನ್ನು ಹಾಗೆ ಸುರಿಯುವುದಿಲ್ಲ. ಒಬ್ಬರೇ ರೋಗಿ, ಒಂದೇ ಕೊಳವೆ, ಒಂದೇ ದರ್ಜೆಯ ಮಾನಕ, ಆದರೂ ಎರಡು ಸಂಖ್ಯೆಗಳ ಮೇಲಿನ ಭರವಸೆ ಬೇರೆ ಬೇರೆ. ದೂರದ ಊರಿನ ರೋಗಿಗೆ ಹೋಮೊಸಿಸ್ಟೀನ್ ಒಂದೇ ಏರಿ, ಮೀಥೈಲ್‌ಮೆಲೋನಿಕ್ ಆಮ್ಲ ಸಹಜವಾಗಿದ್ದರೆ, ಫೋಲೇಟ್ ಕೊರತೆಯನ್ನು ಯೋಚಿಸುವ ಮುನ್ನ ರಕ್ತ ಎಷ್ಟು ಹೊತ್ತು ಕಣಗಳೊಂದಿಗೆ ಕೂತಿತ್ತು ಎಂದು ವಿಚಾರಿಸುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಲಾಭದ ಹೆಜ್ಜೆ. ಆ ವಿವರ ವರದಿಯಲ್ಲಿ ಸಾಮಾನ್ಯವಾಗಿ ಸಿಗುವುದೇ ಇಲ್ಲ.

ಹಾಗಿದ್ದರೆ ಮಾನಕವನ್ನು ಇಂಡಿಯಲ್ಲಿಯೇ, ಸೂಜಿ ತೆಗೆದ ಕೂಡಲೇ ಕೊಳವೆಗೆ ಬೆರೆಸಿದರಾಗದೇ ಎಂದು ಕೇಳಬಹುದು. ಪ್ರಶ್ನೆ ಜಾಣತನದ್ದೇ, ಉತ್ತರ ಮಾತ್ರ ಅರ್ಧ ಹೌದು, ಅರ್ಧ ಇಲ್ಲ. ಗ್ಲುಟಮಿನ್ ಎಂಬ ಅಮೈನೊ ಆಮ್ಲದಂತೆ ದ್ರಾವಣದಲ್ಲಿ ತಾನಾಗಿ ಒಡೆದು ಕಡಿಮೆಯಾಗುವ ವಸ್ತುವಿನ ಜೊತೆ ಮೊದಲೇ ಹಾಕಿದ ಮಾನಕವೂ ಅದೇ ವೇಗದಲ್ಲಿ ಒಡೆಯುತ್ತದೆ, ಅನುಪಾತ ಉಳಿಯುತ್ತದೆ. ಆದರೆ ಕೆಂಪುಕಣಗಳು ಹೊಸದಾಗಿ ಹೋಮೊಸಿಸ್ಟೀನ್ ಸುರಿಯುವಾಗ ಸಾದಾ ಅಣುಗಳಷ್ಟೇ ಹೆಚ್ಚುತ್ತವೆ, ಗುರುತಿನ ಅಣುಗಳು ಇದ್ದಷ್ಟೇ ಇರುತ್ತವೆ. ಗ್ಲೂಕೋಸ್‌ನಲ್ಲಿ ಮತ್ತೊಂದು ಬಗೆ: ಬೇರ್ಪಡಿಸದ ರಕ್ತದಲ್ಲಿ ಅದು ತಾಸಿಗೆ ಶೇ 5ರಿಂದ 7ರಷ್ಟು ಖರ್ಚಾಗುತ್ತದೆ, ಅದರಿಂದ ಲ್ಯಾಕ್ಟೇಟ್ ಹುಟ್ಟುತ್ತದೆ, ಅಲ್ಲಿ ಮಾನಕವನ್ನೂ ಕಣಗಳು ತಿನ್ನುತ್ತವೆ. ಅಂದರೆ ಕಳೆದುಹೋದದ್ದನ್ನು ಐಸೊಟೋಪ್ ಮಾನಕ ತುಂಬಿಕೊಡಬಲ್ಲದು, ಹೊಸದಾಗಿ ಹುಟ್ಟಿದ್ದನ್ನು ಬೇರೆ ಮಾಡಿ ತೋರಿಸಲಾರದು. ಜಿಲ್ಲೆಗಳಿಂದ ಹೊರಡುವ ಮಾದರಿಗಳಲ್ಲಿ ಹೋಮೊಸಿಸ್ಟೀನ್, ಲ್ಯಾಕ್ಟೇಟ್‌ನಂಥವುಗಳ ತಕರಾರು ಎರಡನೆಯ ಬಗೆಯದು.

ನವಜಾತ ಶಿಶುಗಳ ಹಿಮ್ಮಡಿಯಿಂದ ಕಾಗದದ ಮೇಲೆ ತೆಗೆಯುವ ಒಣ ರಕ್ತದ ಚುಕ್ಕೆ ಈ ತೊಡಕನ್ನು ಭಾಗಶಃ ತಪ್ಪಿಸುತ್ತದೆ. ರಾಬರ್ಟ್ ಗಥ್ರಿ 1960ರ ದಶಕದಲ್ಲಿ ಫಿನೈಲ್‌ಕೀಟೋನೂರಿಯ ಎಂಬ ಆನುವಂಶಿಕ ಚಯಾಪಚಯ ಕಾಯಿಲೆ ಹುಡುಕಲು ಬಳಕೆಗೆ ತಂದ ಕ್ರಮವಿದು. ರಕ್ತ ಒಣಗಿದರೆ ಕಣಗಳ ಚಟುವಟಿಕೆ ಬಹುಮಟ್ಟಿಗೆ ನಿಲ್ಲುತ್ತದೆ, ಲಕೋಟೆಯಲ್ಲಿ ಅಂಚೆಗೆ ಹಾಕಬಹುದು. ಸೋದರಮಾವ, ಅತ್ತೆಯ ಮಕ್ಕಳೊಳಗಿನ ಮದುವೆಗಳು ಇಂದಿಗೂ ನಡೆಯುವ ನಮ್ಮ ಭಾಗದಲ್ಲಿ ಅಪ್ಪ, ಅಮ್ಮ ಇಬ್ಬರಿಂದಲೂ ಬರಬೇಕಾದ ಚಯಾಪಚಯ ಕಾಯಿಲೆಗಳ ಸಾಧ್ಯತೆ ಹೆಚ್ಚು, ಹಾಗಾಗಿ ಈ ತಪಾಸಣೆಯ ಅಗತ್ಯವನ್ನು ಅಲ್ಲಗಳೆಯಲಾಗದು. ಆದರೆ ಪ್ರಯೋಗಾಲಯದಲ್ಲಿ ಚುಕ್ಕೆಯಿಂದ 3.2 ಮಿಲಿಮೀಟರ್ ಅಗಲದ ಬಿಲ್ಲೆ ಕತ್ತರಿಸಿ, ಅದರಲ್ಲಿ ಸುಮಾರು 3 ಮೈಕ್ರೊಲೀಟರ್ ರಕ್ತವಿದೆ ಎಂದು ನಂಬಿ, ಮಾನಕ ಬೆರೆಸಿದ ದ್ರಾವಕದಲ್ಲಿ ನೆನೆಸುತ್ತಾರೆ. ಮಾನಕ ಇರುವುದು ದ್ರಾವಕದಲ್ಲಿ, ಅಳೆಯಬೇಕಾದ ವಸ್ತು ಇರುವುದು ಕಾಗದದ ಎಳೆಗಳೊಳಗೆ. ಕಾಗದದಿಂದ ಎಷ್ಟು ಹೊರಬಂತು ಎಂಬುದು ಮಾನಕಕ್ಕೆ ಗೊತ್ತಾಗುವುದಿಲ್ಲ. ಕೆಂಪುಕಣಗಳ ಪಾಲು ಹೆಚ್ಚಿರುವ ಹಸುಗೂಸಿನ ದಪ್ಪ ರಕ್ತ ಕಾಗದದ ಮೇಲೆ ಕಡಿಮೆ ಹರಡುತ್ತದೆ, ಅದೇ ಬಿಲ್ಲೆಯಲ್ಲಿ ಹೆಚ್ಚು ರಕ್ತ ಸಿಕ್ಕಿಬಿಡುತ್ತದೆ. ಕಾರ್ಡನ್ನು ನೆರಳಿನಲ್ಲಿ, ಅಡ್ಡಡ್ಡವಾಗಿ, ಕನಿಷ್ಠ ಮೂರು ತಾಸು ಒಣಗಿಸದೆ ಲಕೋಟೆಗೆ ತುರುಕಿದರೂ, ಖಾನಾಪುರದ ಮಳೆಗಾಲದ ತೇವದಲ್ಲಿ ಬಿಟ್ಟರೂ, ಬಿಸಿಲಿಗೆ ನಿಂತ ಗಾಡಿಯೊಳಗೆ ಇಟ್ಟರೂ ಕೊಬ್ಬಿನ ಚಯಾಪಚಯದ ಸುಳಿವು ಕೊಡುವ ಕೆಲವು ಅಸೈಲ್‌ಕಾರ್ನಿಟಿನ್‌ಗಳು ಒಡೆಯುತ್ತವೆ, ಕೆಂಪುಕಣಗಳನ್ನು ಕಾಪಾಡುವ ಜಿ6ಪಿಡಿ ಕಿಣ್ವದ ಚಟುವಟಿಕೆ ಇಳಿದು ಇಲ್ಲದ ಕೊರತೆ ಇದ್ದಂತೆ ತೋರುತ್ತದೆ. ‘ಒಂದು ಹನಿಯಲ್ಲಿ ಹತ್ತಾರು ಕಾಯಿಲೆ’ ಎಂಬ ಪ್ಯಾಕೇಜ್ ಕೊಳ್ಳುವ ತಂದೆತಾಯಿಗೆ ಇನ್ನೊಂದು ಮಾತು: ಎಲ್ಲಕ್ಕಿಂತ ಮೊದಲು ಆಗಬೇಕಾದ ಜನ್ಮಜಾತ ಥೈರಾಯ್ಡ್ ಕೊರತೆಯ ಟಿಎಸ್‌ಎಚ್ ಪರೀಕ್ಷೆಗೆ ಈ ಯಂತ್ರವೂ ಬೇಡ, ಐಸೊಟೋಪ್ ಮಾನಕವೂ ಬೇಡ. ಅದು ಜಿಲ್ಲಾ ಕೇಂದ್ರದಲ್ಲಿಯೇ ಆಗಬಲ್ಲ, ಪ್ರತಿಕಾಯ ಬಳಸುವ ಇಮ್ಯುನೊ ಪರೀಕ್ಷೆ.

ಐಸೊಟೋಪ್ ದುರ್ಬಲೀಕರಣ ನಮ್ಮ ಊರಿನ ಸಾದಾ ಯಂತ್ರಗಳೊಳಗೂ ಪರೋಕ್ಷವಾಗಿ ಇದೆ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಅಳೆಯಲು ಇಂದಿಗೂ ಹಲವೆಡೆ ಬಳಸುವುದು ಮ್ಯಾಕ್ಸ್ ಯಾಫೆ 1886ರಲ್ಲಿ ವರ್ಣಿಸಿದ ಪಿಕ್ರಿಕ್ ಆಮ್ಲದ ಬಣ್ಣದ ಕ್ರಿಯೆ. ಪ್ರೋಟೀನ್, ಕೀಟೋನ್, ಗ್ಲೂಕೋಸ್ ಅದಕ್ಕೆ ಅಡ್ಡ ಬರುತ್ತವೆ. ಅದನ್ನು ಐಸೊಟೋಪ್ ಮಾಪನಕ್ಕೆ ಸರಿದೂಗಿಸಿದ ಮೇಲೆ, 2006ರಲ್ಲಿ ಮೂತ್ರಪಿಂಡದ ಸೋಸುವಿಕೆ ಅಂದಾಜಿಸುವ ಎಂಡಿಆರ್‌ಡಿ ಸೂತ್ರದ ಗುಣಕವನ್ನು 186ರಿಂದ 175ಕ್ಕೆ ಇಳಿಸಬೇಕಾಯಿತು. ಕಿಟ್ ಪೆಟ್ಟಿಗೆಯ ಮೇಲೆ ‘ಐಡಿಎಂಎಸ್’ (ಐಸೊಟೋಪ್ ಡೈಲ್ಯೂಷನ್ ಮಾಸ್ ಸ್ಪೆಕ್ಟ್ರೋಮೆಟ್ರಿ) ಎಂದಿದ್ದರೆ, ಅಳತೆಯನ್ನು ಹೀಗೆ ಸರಿದೂಗಿಸಲಾಗಿದೆ ಎಂದೇ ಅರ್ಥ.

ಮಾನಕಗಳು ದುಬಾರಿ, ಬಹುಪಾಲು ಹೊರದೇಶದಿಂದ ಬರುತ್ತವೆ, ಮಿಲಿಗ್ರಾಂ ಲೆಕ್ಕದಲ್ಲಿ ಮಾರಾಟವಾಗುತ್ತವೆ. ವಿಚಿತ್ರವೆಂದರೆ ಡ್ಯೂಟೀರಿಯಂಗೆ ಭಾರತದಲ್ಲಿ ಬರವಿಲ್ಲ. ನಮ್ಮ ಭಾರಜಲ ಮಂಡಳಿ ಜಗತ್ತಿನ ದೊಡ್ಡ ಉತ್ಪಾದಕರಲ್ಲಿ ಒಂದು, ಪಕ್ಕದ ಉತ್ತರ ಕನ್ನಡದ ಕೈಗಾ ಸ್ಥಾವರದ ರಿಯಾಕ್ಟರ್‌ಗಳು ನಡೆಯುವುದೇ ಭಾರಜಲದ ಮೇಲೆ. ಖರ್ಚು ಬೀಳುವುದು ಅದನ್ನು ಬೇಕಾದ ಅಣುವಿನ ಬೇಕಾದ ಜಾಗದಲ್ಲಿ ಕೂರಿಸುವ ಸಂಶ್ಲೇಷಣೆಗೆ, ಶುದ್ಧತೆಯ ಪ್ರಮಾಣಪತ್ರಕ್ಕೆ. ಬೆಳಗಾವಿಯಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಕೀಯ ಸಂಸ್ಥೆಯಿದೆ, ಮೂರೂ ಜಿಲ್ಲೆಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ರೋಗಿಗಳ ಮಾದರಿಗಳಿಗೆ ಈ ಭಾಗದಲ್ಲಿಯೇ ಒಂದು ಮಾಸ್ ಸ್ಪೆಕ್ಟ್ರೋಮೀಟರ್ ಕೇಂದ್ರ ಬೇಕು ಎಂಬ ವಾದ ನ್ಯಾಯವಾದದ್ದೇ. ಆದರೆ ಯಂತ್ರ ಬೆಳಗಾವಿಗೆ ಬಂದ ಮಾತ್ರಕ್ಕೆ ಸಿಂದಗಿಯ ಹೋಮೊಸಿಸ್ಟೀನ್ ಸರಿಯಾಗುವುದಿಲ್ಲ. ಸಿಂದಗಿಯಿಂದ ವಿಜಯಪುರ ಮುಟ್ಟುವ ಹೊತ್ತಿನಲ್ಲೇ ಏರಿಕೆ ಶುರುವಾಗಿರುತ್ತದೆ.

ಅದಕ್ಕೆ ಬೇಕಾದದ್ದು ಸಂಗ್ರಹ ಕೇಂದ್ರದಲ್ಲೊಂದು ಸೆಂಟ್ರಿಫ್ಯೂಜ್, ಒಂದು ಪೆಟ್ಟಿಗೆ ಐಸ್, ತಾಸಿನೊಳಗೆ ಪ್ಲಾಸ್ಮಾ ಬೇರ್ಪಡಿಸುವ ಶಿಸ್ತು. ಮಾಸ್ ಸ್ಪೆಕ್ಟ್ರೋಮೀಟರ್‌ನ ಬೆಲೆಯ ಮುಂದೆ ಸೆಂಟ್ರಿಫ್ಯೂಜ್‌ನ ಬೆಲೆ ಲೆಕ್ಕಕ್ಕೇ ಬಾರದು. ಕೋರಿಕೆ ನಮೂನೆಯಲ್ಲಿ ಈಗ ರೋಗಿಯ ಹೆಸರು, ವಯಸ್ಸು, ಉಪವಾಸ ಹೌದೋ ಅಲ್ಲವೋ ಎಂಬ ಕಾಲಂಗಳಿರುತ್ತವೆ. ಅವುಗಳ ಪಕ್ಕಕ್ಕೆ ರಕ್ತ ತೆಗೆದ ಸಮಯ, ಪ್ಲಾಸ್ಮಾ ಬೇರ್ಪಡಿಸಿದ ಸಮಯ ಎಂಬ ಎರಡು ಕಾಲಂ ಸೇರಿಸಿ, ಅವನ್ನು ಅಂತಿಮ ವರದಿಯಲ್ಲಿಯೂ ಮುದ್ರಿಸಿದರೆ, 16.8 ಎಂಬ ಸಂಖ್ಯೆಯ ಎದುರು ಕೂತ ವೈದ್ಯರು ಔಷಧ ಬರೆಯಬೇಕೋ ರಕ್ತವನ್ನು ಮತ್ತೊಮ್ಮೆ ತೆಗೆಸಬೇಕೋ ಎಂದು ನಿರ್ಧರಿಸಬಹುದು.